ಸದಾ ಕಥೆ ಬರೆಯುವ ಮಗಳಿಗೆ ಯಾವ ಕಾದಂಬರಿ ಕೊಡಲಿ?

ನಿಮ್ಮ ಮಗಳಿಗೆ ಹನ್ನೆರಡು ವರ್ಷ, ಯಾವಾಗ ನೋಡಿದರೂ ನೋಟ್‌ಬುಕ್ಕಿನಲ್ಲಿ ಕಥೆ ಬರೆಯುತ್ತಿರುತ್ತಾಳೆ, ಅವಳಂಥದೇ ಮಕ್ಕಳಿರುವ ಇಂಗ್ಲಿಷ್ ಕಾದಂಬರಿ ಯಾವುದಿದೆ ಅಂತ ಕೇಳಿದ್ದೀರಿ. ಇಂಥ ಪುಸ್ತಕಗಳೆಂದರೆ ನನಗೆ ತುಂಬಾ ಪ್ರೀತಿ. ಆರಿಸುವಾಗ ನಾನು ಮುಖ್ಯವಾಗಿ ನೋಡುವುದು ಒಂದನ್ನೇ: ಆ ಮಗು ಬರೆದದ್ದು ನಮ್ಮ ಕಣ್ಣಿಗೂ ಬೀಳುತ್ತದೆಯೇ? ಅವಳು ಎಷ್ಟು ಚೆನ್ನಾಗಿ ಬರೆಯುತ್ತಾಳೆ ಅಂತ ಹೊಗಳಿ, ಕೊನೆಗೊಂದು ಬಹುಮಾನ ಕೊಡಿಸಿ ಮುಗಿಸುವ ಪುಸ್ತಕಗಳು ಬೇಕಾದಷ್ಟಿವೆ. ಬರೆಯುವ ಮಗುವಿಗೆ ಅದರಿಂದ ಸಿಗುವುದು ಕಡಿಮೆ. ಬರೆದದ್ದು ಯಾಕೆ ಕೂಡಿಬರಲಿಲ್ಲ, ಆಮೇಲೆ ಹೇಗೆ ದಾರಿಗೆ ಬಂತು ಅನ್ನುವುದು ಕಾಣಬೇಕು.

ಹಾಗಾಗಿ ಮೊದಲು ಕೊಡಬೇಕಾದದ್ದು ಬೆವರ್ಲಿ ಕ್ಲಿಯರಿ ಬರೆದ 'ಡಿಯರ್ ಮಿಸ್ಟರ್ ಹೆನ್‌ಶಾ' (1983). ಲೀ ಬಾಟ್ಸ್ ಅನ್ನುವ ಹುಡುಗ ತನಗಿಷ್ಟವಾದ ಲೇಖಕರಿಗೆ ಬರೆಯುವ ಪತ್ರಗಳು ಮತ್ತು ಅವನ ಡೈರಿ, ಪುಸ್ತಕ ಅಂದರೆ ಇಷ್ಟೇ. ಅಪ್ಪ ಅಮ್ಮ ಬೇರೆಯಾಗಿದ್ದಾರೆ, ಅಪ್ಪ ಲಾರಿ ಓಡಿಸುತ್ತಾನೆ. ಶಾಲೆಯ ಸ್ಪರ್ಧೆಗೆ ಲೀ ಒಂದು ಕಥೆ ಶುರು ಮಾಡುತ್ತಾನೆ. ಮೇಣದ ಮನುಷ್ಯನೊಬ್ಬ ಲಾರಿ ಚಾಲಕ, ಮರುಭೂಮಿ ದಾಟಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕರಗುತ್ತಾನೆ. ಕಥೆ ಮುಂದಕ್ಕೆ ಹೋಗುವುದೇ ಇಲ್ಲ. ಪಾತ್ರ ಏನಾದರೊಂದು ಸಮಸ್ಯೆ ಬಿಡಿಸಬೇಕು, ಇಲ್ಲವೇ ಬದಲಾಗಬೇಕು ಅಂತ ಲೇಖಕರು ಬರೆಯುತ್ತಾರೆ. ಸುಮ್ನೆ ಕರಗಿ ಹೋಗುವವನು ಏನು ಬಿಡಿಸಿಯಾನು? ಕೊನೆಗೆ ಲೀ ಅದನ್ನು ಬಿಟ್ಟು, ಅಪ್ಪನ ಲಾರಿಯಲ್ಲಿ ದ್ರಾಕ್ಷಿ ಹೇರಿಕೊಂಡು ಹೋದ ಒಂದು ದಿನದ ಬಗ್ಗೆ ಬರೆಯುತ್ತಾನೆ. ಮೊದಲ ಬಹುಮಾನವೇನೂ ಬರುವುದಿಲ್ಲ, ಮೆಚ್ಚುಗೆ ಸಿಗುತ್ತದೆ. ಆದರೆ ಅವನನ್ನು ಭೇಟಿಯಾದ ಲೇಖಕಿಯೊಬ್ಬರು, ನೀನು ಯಾರನ್ನೂ ಅನುಕರಿಸದೆ ನಿನ್ನ ಹಾಗೇ ಬರೆದಿದ್ದೀಯ ಅಂದಾಗ ಆಗುವ ಖುಷಿ ಇದೆಯಲ್ಲ, ಅದು ಪದಕಕ್ಕಿಂತ ದೊಡ್ಡದು. ಪತ್ರದಿಂದ ಪತ್ರಕ್ಕೆ ಅವನ ಬರವಣಿಗೆ ಸುಧಾರಿಸುವುದನ್ನು ನಿಮ್ಮ ಮಗಳೇ ಕಂಡುಹಿಡಿಯಲಿ, ಮೊದಲೇ ಹೇಳಬೇಡಿ.

ಎರಡನೆಯದು ಎಲ್. ಎಂ. ಮಾಂಟ್‌ಗೊಮೆರಿಯ 'ಎಮಿಲಿ ಆಫ್ ನ್ಯೂ ಮೂನ್' (1923). ಭಾಷೆ ಸ್ವಲ್ಪ ಹಳೆಯದು, ವರ್ಣನೆ ಜಾಸ್ತಿ, ಅವಸರ ಮಾಡದೆ ಓದಬೇಕು. ಇದರ ಕೊನೆಯ ದೃಶ್ಯಕ್ಕಾಗಿಯಾದರೂ ಓದಿಸಿ. ಎಮಿಲಿ ತನ್ನ ಪದ್ಯಗಳನ್ನು ಮೇಷ್ಟ್ರು ಕಾರ್ಪೆಂಟರ್ ಕೈಗೆ ಕೊಡುತ್ತಾಳೆ. ಅವರು ಒಂದೊಂದನ್ನೇ ಹಿಡಿದು ನಿರ್ದಾಕ್ಷಿಣ್ಯವಾಗಿ ಕತ್ತರಿಸುತ್ತಾ ಹೋಗುತ್ತಾರೆ. ನಾನೂರು ಸಾಲಿನಲ್ಲಿ ಹತ್ತು ಪರವಾಗಿಲ್ಲ ಅನ್ನುತ್ತಾರೆ. ಆಮೇಲೆ ಅವಳು ಗದ್ಯದ ಪುಸ್ತಕ ಕೊಡಲು ಹೋಗಿ, ಕುಡಿದಾಗಿನ ಮೇಷ್ಟ್ರನ್ನೇ ಇದ್ದಂತೆ ಚಿತ್ರಿಸಿದ ಬರಹವನ್ನು ಗೊತ್ತಿಲ್ಲದೆ ಕೊಟ್ಟುಬಿಡುತ್ತಾಳೆ. ಅವರು ಓದುತ್ತಾರೆ. ಸಾಹಿತ್ಯ ಅಂದರೆ ಇದು ಅಂತ ಅವರು ಒಪ್ಪುವುದು ಆ ಬರಹವನ್ನೇ! ಬರೆಯುವ ಮಕ್ಕಳ ಬಗ್ಗೆ ಇದಕ್ಕಿಂತ ನಿಜವಾದ ದೃಶ್ಯ ನಾನು ಓದಿಲ್ಲ.

ಇದೇ ಎಳೆಯ ಇನ್ನೊಂದು ಮುಖ ಲೂಯಿಸ್ ಫಿಟ್ಜ್‌ಹ್ಯೂ ಅವರ 'ಹ್ಯಾರಿಯೆಟ್ ದ ಸ್ಪೈ' (1964). ಹನ್ನೊಂದು ವರ್ಷದ ಹ್ಯಾರಿಯೆಟ್ ಸುತ್ತಲಿನವರ ಬಗ್ಗೆ ಅನಿಸಿದ್ದನ್ನೆಲ್ಲ ಬರೆದಿಡುತ್ತಾಳೆ, ಆ ನೋಟ್‌ಬುಕ್ ಸಹಪಾಠಿಗಳ ಕೈಗೆ ಸಿಗುತ್ತದೆ. ಕಂಡದ್ದನ್ನು ಬರೆದರೆ ಯಾರಿಗೋ ನೋವಾಗುತ್ತದೆ, ಆಗೇನು ಮಾಡುವುದು? ಪುಸ್ತಕ ಸಲೀಸಾದ ಉತ್ತರ ಕೊಡುವುದಿಲ್ಲ. ಕೆಲವು ಹಿರಿಯರಿಗೆ ಇದು ಹಿಡಿಸುವುದಿಲ್ಲ, ಹ್ಯಾರಿಯೆಟ್ ಒರಟು ಅನ್ನುತ್ತಾರೆ. ನನಗೆ ಅವಳು ಒರಟಾಗಿರುವುದೇ ಸರಿ ಅನಿಸುತ್ತದೆ.

'ಲಿಟಲ್ ವಿಮೆನ್' (1868) ಎಲ್ಲರೂ ಹೇಳುತ್ತಾರೆ, ನಾನೂ ಬೇಡ ಅನ್ನುವುದಿಲ್ಲ. ಕಥೆ ಬರೆಯುವ ಅಕ್ಕ ಜೋ, ಅವಳ ಹಸ್ತಪ್ರತಿಯನ್ನು ತಂಗಿ ಸಿಟ್ಟಿನಲ್ಲಿ ಸುಟ್ಟುಹಾಕುವ ಭಾಗ ಓದಿದರೆ ಬರೆಯುವವರಿಗೆಲ್ಲ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೆ ಅದು ನಾಲ್ವರು ಅಕ್ಕತಂಗಿಯರ ಕಥೆ. ಬರವಣಿಗೆ ಅದರಲ್ಲಿ ಒಂದು ಭಾಗ ಅಷ್ಟೇ.

ಇಂಗ್ಲಿಷ್ ಇನ್ನೂ ಕಷ್ಟವಾದರೆ ಶರನ್ ಕ್ರೀಚ್ ಅವರ 'ಲವ್ ದ್ಯಾಟ್ ಡಾಗ್' (2001) ಕೊಡಿ. ಪುಟ್ಟ ಪುಸ್ತಕ, ಪೂರ್ತಿ ಸಣ್ಣ ಸಣ್ಣ ಸಾಲುಗಳು. ಪದ್ಯ ಬರೆಯುವುದು ಹುಡುಗಿಯರ ಕೆಲಸ ಅಂತ ಮೊಂಡು ಹಿಡಿದ ಜ್ಯಾಕ್ ನಿಧಾನಕ್ಕೆ ತನ್ನ ನಾಯಿಯ ಬಗ್ಗೆ ಬರೆಯತೊಡಗುತ್ತಾನೆ. ನಾಯಿ ಸಾಯುತ್ತದೆ, ನಿಮ್ಮ ಮಗಳು ಪ್ರಾಣಿಪ್ರಿಯೆಯಾದರೆ ಪಕ್ಕದಲ್ಲಿ ಕೂತು ಓದಿ.

ಎಲಿಜಬೆತ್ ಅಸೆವೆಡೊ ಅವರ 'ದ ಪೋಯೆಟ್ ಎಕ್ಸ್' (2018) ಈಗಲೇ ಬೇಡ. ಪದ್ಯ ಬರೆಯುವ ಹುಡುಗಿ, ಧರ್ಮದ ವಿಷಯದಲ್ಲಿ ಕಟ್ಟುನಿಟ್ಟಾದ ತಾಯಿ, ಮೈ ಬೆಳೆಯುವ ವಯಸ್ಸಿನ ಗೊಂದಲ, ಎಲ್ಲ ಬಿಚ್ಚು ಮಾತಿನಲ್ಲಿದೆ. ಹದಿನೈದರ ಸುಮಾರಿಗೆ ಕೊಡಿ. ಅದಕ್ಕಿಂತ ಮೊದಲು ನೀವೊಮ್ಮೆ ಓದಿಕೊಳ್ಳಿ.