‘ಸುಮ್ನೆ ತಮಾಷೆಗೆ’ ಅಂತ ಸೇರಿಸಿದರೆ ಕೇಸ್ ತಪ್ಪುತ್ತಾ?

ಬೆದರಿಕೆ ಪೋಸ್ಟಿನ ಕೊನೆಗೆ ‘ಇದು ಬರೀ ಜೋಕ್’ ಅಂತ ಹಾಕಿದರೆ ಕೇಸ್ ಹಾಕೋಕಾಗಲ್ವಾ ಎಂದು ಕೇಳಿದ್ದೀರಿ. ಹಾಗೇನಿಲ್ಲ, ಧಾರಾಳವಾಗಿ ಹಾಕಬಹುದು.

ಅಮೆರಿಕದ ಎಲೋನಿಸ್ ಪ್ರಕರಣ ನೋಡಿ. 2010ರಲ್ಲಿ ಈತ ದೂರವಾದ ಹೆಂಡತಿಯನ್ನು ಕೊಲ್ಲುವ ಮಾತನ್ನು ರ‍್ಯಾಪ್ ಸಾಲುಗಳಂತೆ ಫೇಸ್‌ಬುಕ್‌ಗೆ ಹಾಕುತ್ತಿದ್ದ. ಜೊತೆಗೆ ಎಲ್ಲ ಕಲ್ಪನೆ, ಕಲೆ ಅನ್ನೋ ಸಮಜಾಯಿಷಿ ಬೇರೆ. ಆಕೆಗೆ ಕೋರ್ಟಿನಿಂದ ರಕ್ಷಣಾ ಆದೇಶ ಸಿಕ್ಕಾಗ, ಆ ಕಾಗದ ಮಡಚಿ ಜೇಬಲ್ಲಿಟ್ಟುಕೊಂಡರೆ ಗುಂಡು ತಡೆಯುವಷ್ಟು ದಪ್ಪ ಇದೆಯಾ ಎಂದು ಬರೆದ. ತಮಾಷೆಯಂತೆ! 44 ತಿಂಗಳು ಜೈಲು ಶಿಕ್ಷೆಯಾಯಿತು. 2015ರಲ್ಲಿ ಸುಪ್ರೀಂ ಕೋರ್ಟ್, ಬರೆದವನ ಮನಸ್ಸಲ್ಲಿ ಏನಿತ್ತು ಅನ್ನೋದನ್ನೂ ನೋಡಬೇಕು ಎಂದು ತೀರ್ಪನ್ನು ತಳ್ಳಿಹಾಕಿತು. ಆದರೆ 2016ರಲ್ಲಿ ಮೇಲ್ಮನವಿ ಕೋರ್ಟ್ ಮತ್ತೆ ಆತ ತಪ್ಪಿತಸ್ಥ ಎಂದೇ ಹೇಳಿತು.

ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆಯ 351ನೇ ಸೆಕ್ಷನ್ ಇದೆ. ಹೆದರಿಸುವ ಉದ್ದೇಶ ಇತ್ತಾ ಅನ್ನೋದೇ ಇಲ್ಲೂ ಪ್ರಶ್ನೆ. ಕೊಲೆ ಬೆದರಿಕೆಗೆ 7 ವರ್ಷದವರೆಗೆ ಜೈಲಾಗಬಹುದು. ಹೆಸರು ಮುಚ್ಚಿಟ್ಟು ಬೆದರಿಸಿದ್ದರೆ ಇನ್ನೂ 2 ವರ್ಷದವರೆಗೆ ಸೇರಬಹುದು. ‘ಜೋಕ್’ ಅನ್ನೋ ಸಾಲನ್ನು ವಕೀಲರು ವಾದಕ್ಕೆ ಬಳಸಬಹುದು, ಅಷ್ಟೇ. ಯಾರಿಗೆ ಬರೆದದ್ದು, ಮೊದಲೇ ಜಗಳ ಇತ್ತಾ, ಎಷ್ಟು ಸಲ ಬರೆದಿದ್ದಾನೆ ಅನ್ನೋದಕ್ಕೇ ತೂಕ ಜಾಸ್ತಿ.