ನಿಮ್ಮ ವೈನ್ ಲೇಖನ ಓದಿದೆ, ಇನ್ನೊಮ್ಮೆ ಬರೆಯಿರಿ

ನಮಸ್ಕಾರ,

ಯುರೋಪಿನ ವೈನ್ ಊರುಗಳು ತಮ್ಮ ಹೆಸರನ್ನೂ ತಮ್ಮ ಶೈಲಿಯನ್ನೂ ಹೇಗೆ ಕಾಪಾಡಿಕೊಂಡಿವೆ ಅನ್ನುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಒಂದು ಪ್ಯಾರಾದಲ್ಲಿ ನಿಜವಾದ ಬರಹಗಾರ ಕಾಣಿಸುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಹೇಳಿಬಿಡುತ್ತೇನೆ. ಲೇಖನದ ಅರ್ಧಕ್ಕಿಂತ ಜಾಸ್ತಿ ಬರೀ ಹೊಗಳಿಕೆ. ಮಣ್ಣು, ಮಂಜು, ಬಿಸಿಲು, ಅಜ್ಜಂದಿರ ಕಾಲದ ತೋಟ. ‘ನೆಲವೇ ವೈನಾಗಿ ಮಾತಾಡುತ್ತದೆ’ ಅಂತ ಬರೆದಿದ್ದೀರಿ. ಈ ಸಾಲನ್ನು ಫ್ರಾನ್ಸಿನ ಬೋರ್ಡೋ ಬಗ್ಗೆ ಹೇಳಿದರೂ ನಡೆಯುತ್ತದೆ, ಸ್ಪೇನಿನ ರಿಯೋಹಾ ಬಗ್ಗೆ ಹೇಳಿದರೂ ನಡೆಯುತ್ತದೆ. ಹಾಗಾದರೆ ಓದುಗರಿಗೆ ಅದರಿಂದ ಸಿಕ್ಕಿದ್ದೇನು? ನೆಲ ಮುಖ್ಯ, ನಿಜ. ಆದರೆ ಆ ನೆಲದಲ್ಲಿ ಯಾವ ತಳಿ ನೆಡಬೇಕು, ಹೆಕ್ಟೇರಿಗೆ ಎಷ್ಟು ಇಳುವರಿ ತೆಗೆಯಬೇಕು, ಎಷ್ಟು ರಸ ಹಿಂಡಬೇಕು, ಪೀಪಾಯಿಯಲ್ಲಿ ಎಷ್ಟು ವರ್ಷ ಇಡಬೇಕು ಅಂತ ತೀರ್ಮಾನ ಮಾಡಿದವರು ಮನುಷ್ಯರು. ಅವರು ಕೂತು ಜಗಳವಾಡಿದರು, ಕೋರ್ಟಿಗೆ ಹೋದರು, ಒಂದು ಕಡೆ ವ್ಯಾಪಾರಿಗಳ ಕಟ್ಟಡಗಳಿಗೇ ಬೆಂಕಿ ಇಟ್ಟರು. ಊರಿನ ಶೈಲಿ ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲು ಹೀಗೆ ಹಟ ಹಿಡಿದು ಬರೆದಿಟ್ಟ ಒಪ್ಪಂದ. ನಿಮ್ಮ ಲೇಖನದಲ್ಲಿ ಆ ಒಪ್ಪಂದವೂ ಇಲ್ಲ, ಅದನ್ನು ಮಾಡಿದವರೂ ಇಲ್ಲ.

ಒಂದು ಉದಾಹರಣೆ. ‘1935ರಲ್ಲಿ ಫ್ರಾನ್ಸ್ ಕಾನೂನು ತಂದಿತು, ಅಲ್ಲಿಂದ ಗುಣಮಟ್ಟ ಉಳಿಯಿತು’ ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಇಡೀ ಕಥೆ ಇರುವುದೇ ಅಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಅನ್ನುವ ಪುಟ್ಟ ಕೀಟ ಬೇರು ತಿಂದು ಫ್ರಾನ್ಸಿನ ತೋಟಗಳನ್ನು ಹಾಳುಮಾಡಿತು. ದ್ರಾಕ್ಷಿ ಸಾಲದೆ ಹೋದಾಗ ಕಲಬೆರಕೆ ಶುರುವಾಯಿತು. ಎಲ್ಲಿಂದಲೋ ತಂದ ವೈನಿಗೆ ಹೆಸರಾದ ಊರಿನ ಲೇಬಲ್ ಬಿತ್ತು. 1905ರಲ್ಲಿ ಮೋಸ ತಡೆಯುವ ಕಾನೂನು ಬಂತು. 1919ರಲ್ಲಿ ಇನ್ನೊಂದು ಕಾನೂನು ಬಂದು, ಊರಿನ ಹೆಸರು ಯಾರಿಗೆ ಸಲ್ಲುತ್ತದೆ ಅನ್ನುವುದನ್ನು ಕೋರ್ಟುಗಳ ಕೈಗೆ ಕೊಟ್ಟಿತು. ಎಡವಟ್ಟಾಗಿದ್ದು ಇಲ್ಲೇ. ಆಗ ಗಡಿ ನೋಡಿದರು, ಗಡಿಯೊಳಗೆ ಏನು ಬೆಳೆಯುತ್ತಾರೆ ಅಂತ ನೋಡಲಿಲ್ಲ. ತೋಟ ಊರಿನ ಎಲ್ಲೆಯೊಳಗೆ ಇದ್ದರೆ ಸಾಕಾಯಿತು. ಜವುಗು ಜಾಗದಲ್ಲಿ ಹೆಚ್ಚು ಫಲ ಕೊಡುವ ಯಾವುದೋ ತಳಿ ನೆಟ್ಟವರಿಗೂ ಅದೇ ಹೆಸರು ಸಿಕ್ಕಿತು. ಜಿರೋಂದ್ ಪ್ರಾಂತ್ಯದ ರಾಜಕಾರಣಿ ಜೋಸೆಫ್ ಕಾಪ್ಯುಗೆ ಇದು ಸರಿಕಾಣಲಿಲ್ಲ. ಅವರ ಹೆಸರಿನಲ್ಲೇ ಕರೆಯುವ 1927ರ ಕಾನೂನು, ಹೆಸರಿನ ಜೊತೆಗೆ ತಳಿ ಮತ್ತು ತಕ್ಕ ಜಮೀನಿನ ಮಾತನ್ನೂ ಸೇರಿಸಿತು. 1935ರ ಕಾನೂನು ಇಷ್ಟೆಲ್ಲ ಆದಮೇಲೆ ಬಂದದ್ದು. ಬರೀ ಗಡಿ ಎಳೆದರೆ ಶೈಲಿ ಉಳಿಯುವುದಿಲ್ಲ ಅಂತ ಒಂದು ದೇಶ ಹದಿನಾರು ವರ್ಷ ಪಾಡುಪಟ್ಟು ಕಲಿತ ವಿಷಯ ಇದು. ಒಂದು ಸಾಲಿನಲ್ಲಿ ಮುಗಿಸುವಂಥದ್ದಾ?

ಬೆಂಕಿಯ ವಿಷಯವೂ ಹಾಗೇ. ಷಾಂಪೇನ್ ಬಗ್ಗೆ ಎರಡು ಪುಟ ಬರೆದೂ 1911ರ ಗಲಭೆಯನ್ನು ಬಿಟ್ಟಿದ್ದೀರಿ. ಮಾರ್ನ್ ಭಾಗದ ಬೆಳೆಗಾರರು ಸೋತು ಸುಣ್ಣವಾಗಿದ್ದರು. ವ್ಯಾಪಾರಿಗಳು ಹೊರಗಿನಿಂದ ಅಗ್ಗದ ವೈನ್ ತರಿಸಿ ಷಾಂಪೇನ್ ಅಂತ ಮಾರುತ್ತಿದ್ದರು. 1908ರಲ್ಲಿ ಗಡಿ ಎಳೆದಾಗ ದಕ್ಷಿಣದ ಓಬ್ ಭಾಗ ಹೊರಗೆ ಉಳಿಯಿತು. ಓಬ್‌ನವರು ಬೀದಿಗಿಳಿದರು. ಸರ್ಕಾರ ಗಡಿಯನ್ನೇ ತೆಗೆಯಲು ಹೊರಟಾಗ ಮಾರ್ನ್‌ನವರು ಸಿಡಿದೆದ್ದರು. ಆಯಿ ಅನ್ನುವ ಊರಿನಲ್ಲಿ ವ್ಯಾಪಾರಿಗಳ ಕಟ್ಟಡಗಳು ಸುಟ್ಟವು, ವೈನ್ ಬೀದಿಯಲ್ಲಿ ಹರಿಯಿತು, ಸೈನ್ಯ ಬಂತು. ಆಮೇಲೆ ಓಬ್‌ಗೆ ‘ಎರಡನೇ ವಲಯ’ ಅನ್ನುವ ಕೀಳು ಪಟ್ಟ ಸಿಕ್ಕಿತು. ಪೂರ್ತಿ ಷಾಂಪೇನ್ ಅನ್ನಿಸಿಕೊಳ್ಳಲು ಅವರು 1927ರವರೆಗೆ ಕಾಯಬೇಕಾಯಿತು. ‘ಪರಂಪರೆಯ ಗಡಿ’ ಅಂತ ನೀವು ಬರೆದ ಗೆರೆಯ ಹಿಂದೆ ಇಷ್ಟು ಸಿಟ್ಟಿದೆ. ಗಡಿ ಎಳೆದಾಗಲೆಲ್ಲ ಒಬ್ಬರು ಒಳಗೆ, ಒಬ್ಬರು ಹೊರಗೆ. ಹೊರಗೆ ಉಳಿದವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ಈಗ ನನಗೆ ಇಷ್ಟವಾದ ಪ್ಯಾರಾಕ್ಕೆ ಬರುತ್ತೇನೆ. ಪೂರ್ವ ಫ್ರಾನ್ಸಿನ ಜೂರಾ ಬೆಟ್ಟಗಳ ಶಾತೋ-ಶಲೋಂ ಬಗ್ಗೆ ಬರೆದಿದ್ದೀರಲ್ಲ, ಅದು. ಪೀಪಾಯಿಯೊಳಗೆ ವೈನ್ ಇಳಿಯುತ್ತಾ ಹೋಗುತ್ತದೆ, ಯಾರೂ ಮೇಲಿಂದ ತುಂಬಿಸುವುದಿಲ್ಲ, ವೈನಿನ ಮೇಲೆ ಯೀಸ್ಟಿನ ತೆಳ್ಳನೆ ಪೊರೆ ಕಟ್ಟಿಕೊಳ್ಳುತ್ತದೆ ಅಂತ ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀರಿ. ಇಲ್ಲಿ ಹೊಗಳಿಕೆ ಇಲ್ಲ. ಬೇರೆ ಕಡೆ ಪೀಪಾಯಿಯಲ್ಲಿ ಜಾಗ ಖಾಲಿ ಬಿಡುವುದು ತಪ್ಪು, ಇಲ್ಲಿ ಅದೇ ನಿಯಮ ಅನ್ನುವುದು ಓದುವಾಗಲೇ ಹೊಳೆಯುತ್ತದೆ. ಆದರೆ ಅರ್ಧಕ್ಕೆ ನಿಲ್ಲಿಸಿಬಿಟ್ಟಿದ್ದೀರಿ. ಮುಂದುವರಿಸಿ. ದ್ರಾಕ್ಷಿ ಸಾವಾನ್ಯಾಂ ಅನ್ನುವ ತಳಿ ಒಂದೇ. ಪೊರೆಯ ಕೆಳಗೆ ಕನಿಷ್ಠ 60 ತಿಂಗಳು ಇರಬೇಕು. ಮಾರಾಟಕ್ಕೆ ಬರುವ ಹೊತ್ತಿಗೆ ಕೊಯ್ಲಾಗಿ ಆರು ವರ್ಷ ದಾಟಿರುತ್ತದೆ. ತುಂಬುವುದು ಕ್ಲಾವ್ಲ್ಯಾಂ ಅನ್ನುವ ಗಿಡ್ಡ ಬಾಟಲಿಗೆ, ಅದರಲ್ಲಿ ಹಿಡಿಸುವುದು 62 ಸೆಂಟಿಲೀಟರ್. ಒಂದು ಲೀಟರ್ ಇಟ್ಟರೆ ಕೊನೆಗೆ ಉಳಿಯುವುದು ಇಷ್ಟೇ ಅಂತ ಅಲ್ಲಿನವರು ಹೇಳುತ್ತಾರೆ. ಮಿಕ್ಕ ಕಡೆ 75 ಸೆಂಟಿಲೀಟರ್ ಬಾಟಲಿ ಸಾಮಾನ್ಯವಾದರೂ ಈ ಅಳತೆಯನ್ನು ಅವರು ಬಿಟ್ಟುಕೊಡಲಿಲ್ಲ.

ಅದೇ ಪ್ಯಾರಾದಲ್ಲಿ ಒಂದು ತಪ್ಪಿದೆ. ‘1974, 1980, 1984, 2001ರಲ್ಲಿ ಬೆಳೆ ಕೈಕೊಟ್ಟಿದ್ದರಿಂದ ವೈನ್ ಬರಲಿಲ್ಲ’ ಅಂದಿದ್ದೀರಿ. ದ್ರಾಕ್ಷಿ ಇತ್ತು. ಕೊಯ್ಲಿಗೆ ಮುಂಚೆ ತೋಟಗಳನ್ನು ನೋಡಿಕೊಂಡು ಬರುವ ಪದ್ಧತಿ ಅಲ್ಲಿದೆ. ಆ ವರ್ಷಗಳ ಹಣ್ಣು ಈ ಹೆಸರಿಗೆ ತಕ್ಕದ್ದಲ್ಲ ಅಂತ ತೀರ್ಮಾನವಾಯಿತು. ಇಡೀ ಊರು ತನ್ನ ಅತಿ ಬೆಲೆಬಾಳುವ ಹೆಸರನ್ನು ಆ ವರ್ಷ ಬಳಸಲಿಲ್ಲ. ನಿಮಗಿದು ಎಂಥ ಸಂಗತಿ ಅಂತ ಅನ್ನಿಸುವುದಿಲ್ಲವಾ? ಕಾಪಾಡುವುದು ಅಂದರೆ ಹೊರಗಿನವರನ್ನು ತಡೆಯುವುದು ಅಂತ ಲೇಖನದ ಉದ್ದಕ್ಕೂ ಬರೆದಿದ್ದೀರಿ. ಇಲ್ಲಿ ಒಳಗಿನವರೇ ತಮ್ಮ ಕೈ ಕಟ್ಟಿಕೊಂಡಿದ್ದಾರೆ. ನನ್ನ ಮಾತು ಕೇಳುವುದಾದರೆ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಷಾಂಪೇನ್ ಭಾಗಕ್ಕೂ ಇಂಥ ಒಂದು ಹತ್ತಿರದ ನೋಟ ಬೇಕು. ‘ಸೂಕ್ಷ್ಮವಾಗಿ ಹಿಂಡುತ್ತಾರೆ’ ಅಂದರೆ ಏನು? ಗೊಂಚಲನ್ನು ಕೈಯಲ್ಲೇ ಕೊಯ್ಯಬೇಕು, ಹಾಗೇ ಇಡಿಯಾಗಿ ಹಿಂಡಬೇಕು. 4,000 ಕಿಲೋ ದ್ರಾಕ್ಷಿಯಿಂದ 2,550 ಲೀಟರ್ ರಸಕ್ಕಷ್ಟೇ ಲೆಕ್ಕ. ಅದರಲ್ಲಿ ಮೊದಲ 2,050 ಲೀಟರ್ ಒಳ್ಳೆಯ ಭಾಗ, ಆಮೇಲಿನ 500 ಎರಡನೇ ದರ್ಜೆ. ಅದಕ್ಕಿಂತ ಜಾಸ್ತಿ ಹಿಂಡಿದರೆ ಆ ರಸ ಷಾಂಪೇನ್ ಆಗುವ ಹಾಗಿಲ್ಲ. ಸಿಪ್ಪೆ, ಬೀಜದ ಒಗರು ಇಳಿಯದಿರಲಿ ಅಂತ ಈ ಲೆಕ್ಕ. ಈ ಅಂಕಿಗಳನ್ನು ಹಾಕಿದರೆ ‘ಸೂಕ್ಷ್ಮ’ ಅನ್ನುವ ಪದವೇ ಬೇಡ.

ಇಟಲಿಯ ಕಿಯಾಂತಿ ಬಗ್ಗೆ ನಿಮ್ಮ ಜೊತೆ ನನಗೆ ಜಗಳವೇ ಇದೆ. 1716ರಲ್ಲಿ ಟಸ್ಕನಿಯ ದೊರೆ ಮೂರನೇ ಕೋಸಿಮೊ ಗಡಿ ಹಾಕಿದ್ದನ್ನು ಹೇಳಿ, ‘ಅಂದಿನಿಂದ ಇಂದಿನವರೆಗೆ ಅದೇ ರುಚಿ’ ಅಂತ ಮುಗಿಸಿದ್ದೀರಿ. ಹಾಗೇನಿಲ್ಲ. 1932ರಲ್ಲಿ ಸರ್ಕಾರವೇ ಆ ಹೆಸರನ್ನು ಹಳೆಯ ಗಡಿಯಾಚೆಗೆ ದೂರದೂರಕ್ಕೆ ಹಿಗ್ಗಿಸಿತು. 1967ರ ನಿಯಮ ಇನ್ನೂ ವಿಚಿತ್ರ. ಕೆಂಪು ವೈನಿಗೆ ಕನಿಷ್ಠ ಶೇಕಡಾ 10ರಷ್ಟು ಬಿಳಿ ದ್ರಾಕ್ಷಿ ಬೆರೆಸಲೇಬೇಕು ಅಂತ ಬರೆದರು, 30ರವರೆಗೂ ಬೆರೆಸಬಹುದಿತ್ತು. ವೈನ್ ತೆಳ್ಳಗಾಯಿತು. ಅಂತಿನೋರಿ ಮನೆತನ ಟಿನ್ಯಾನೆಲ್ಲೊ ಅನ್ನುವ ತಮ್ಮ 1971ರ ವೈನನ್ನು ಕಿಯಾಂತಿ ಅನ್ನದೆ ಮಾಮೂಲಿ ಟೇಬಲ್ ವೈನ್ ಅಂತ ಮಾರಿತು. ಸ್ವಲ್ಪ ವರ್ಷದಲ್ಲೇ ಬಿಳಿ ದ್ರಾಕ್ಷಿಯನ್ನು ಪೂರ್ತಿ ಬಿಟ್ಟಿತು. ಕಾಗದದ ಮೇಲೆ ಅತಿ ಕೆಳಗಿನ ದರ್ಜೆ, ಅಂಗಡಿಯಲ್ಲಿ ಕಿಯಾಂತಿಗಿಂತ ಹೆಚ್ಚಿನ ಬೆಲೆ. ಕೊನೆಗೆ ನಿಯಮವೇ ಬಗ್ಗಿತು. 2006ರಿಂದ, ಕಿಯಾಂತಿಯ ಹಳೆಯ ಭಾಗವಾದ ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ಬೆರೆಸುವಂತಿಲ್ಲ. ಅಂದರೆ ನಿಯಮ ಒಂದು ಕೆಟ್ಟ ಅಭ್ಯಾಸವನ್ನೂ ಪರಂಪರೆ ಅಂತ ಗಟ್ಟಿ ಮಾಡಬಲ್ಲದು. ಇದನ್ನು ಬರೆದರೆ ನಿಮ್ಮ ವಾದ ದುರ್ಬಲವಾಗುತ್ತದೆ ಅಂತ ಹೆದರಿದ್ದೀರಿ ಅನ್ನಿಸಿತು. ಹೆದರಬೇಡಿ. ನೀವು ಪ್ರೀತಿಸುವ ವ್ಯವಸ್ಥೆಯ ತಪ್ಪನ್ನು ನೀವೇ ಹೇಳಿದಾಗ ಓದುಗರು ಉಳಿದ ಮಾತನ್ನೂ ನಂಬುತ್ತಾರೆ.

ಸಣ್ಣ ತಿದ್ದುಪಡಿಗಳು. ‘ಅಪೆಲೇಶನ್ ಇದ್ದರೆ ಉತ್ತಮ ವೈನ್ ಖಚಿತ’ ಅನ್ನುವ ಸಾಲು ತೆಗೆಯಿರಿ. ಅಪೆಲೇಶನ್ ಅಂದರೆ ಕಾನೂನು ಕಾಪಾಡುವ ಊರಿನ ಹೆಸರು. ಅದು ಹೇಳುವುದು ಎಲ್ಲಿ ಬೆಳೆದದ್ದು, ಹೇಗೆ ಮಾಡಿದ್ದು, ಆ ಊರಿನ ಲಕ್ಷಣ ಇದೆಯಾ ಅಂತ ಮಾತ್ರ. ಒಳ್ಳೆಯ ವೈನೇ ‘ನಮ್ಮ ಊರಿನ ಹಾಗಿಲ್ಲ’ ಅಂತ ರುಚಿ ನೋಡುವವರ ಕೈಯಲ್ಲಿ ತಿರಸ್ಕಾರವಾಗುವುದೂ ಉಂಟು. ‘ಷಾಂಪೇನ್ ಹೆಸರನ್ನು ಜಗತ್ತಿನಲ್ಲಿ ಬೇರೆ ಯಾರೂ ಬಳಸುವಂತಿಲ್ಲ’ ಅನ್ನುವುದೂ ತಪ್ಪು. 2006ರಲ್ಲಿ ಅಮೆರಿಕ ಮತ್ತು ಯುರೋಪಿನ ನಡುವೆ ಆದ ಒಪ್ಪಂದದಲ್ಲಿ, ಮೊದಲಿಂದ ಬಳಸುತ್ತಿದ್ದ ಅಮೆರಿಕದ ಕಂಪನಿಗಳಿಗೆ ಅವಕಾಶ ಉಳಿಯಿತು. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಷಾಂಪೇನ್ ಅನ್ನುವ ಹೆಸರಿನದೇ ಒಂದು ಹಳ್ಳಿಯಿದೆ. ಅಲ್ಲಿನ ಬೆಳೆಗಾರರು ತಮ್ಮ ಊರಿನ ಹೆಸರನ್ನೇ ಬಾಟಲಿಯಿಂದ ತೆಗೆಯಬೇಕಾಯಿತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ.

ಇಟಲಿಯ ನೊರೆ ವೈನ್ ಪ್ರೊಸೆಕ್ಕೊ ಬಗ್ಗೆ ಬರೆದದ್ದು ಸರಿಯಿದೆ, ಕಾರಣ ಮಾತ್ರ ಬಿಟ್ಟುಹೋಗಿದೆ. 2009ರವರೆಗೆ ಅದು ದ್ರಾಕ್ಷಿಯ ಹೆಸರು. ದ್ರಾಕ್ಷಿಯ ಹೆಸರನ್ನು ಯಾವ ದೇಶದವರು ಬೇಕಾದರೂ ಬಳಸಬಹುದು. ಅದಕ್ಕೇ ದ್ರಾಕ್ಷಿಗೆ ಗ್ಲೇರಾ ಅಂತ ಹೆಸರಿಟ್ಟು, ತ್ರಿಯೆಸ್ತೆ ಹತ್ತಿರದ ಪ್ರೊಸೆಕ್ಕೊ ಹಳ್ಳಿ ಒಳಗೆ ಬರುವ ಹಾಗೆ ದೊಡ್ಡ ಗಡಿ ಹಾಕಿದರು. ಹಾಗೆ ಅದು ಜಾಗದ ಹೆಸರಾಯಿತು. ಇದು ಸರಿಯೋ ತಪ್ಪೋ ನೀವೇ ಹೇಳಿ, ಆದರೆ ಏನಾದರೂ ಹೇಳಿ.

ಮತ್ತೆ ಬರೆಯುವಾಗ ಹನ್ನೆರಡು ಊರು ಬೇಡ. ಮೂರು ಸಾಕು: ಶಾತೋ-ಶಲೋಂ, ಷಾಂಪೇನ್, ಕಿಯಾಂತಿ. ಒಂದೊಂದು ಊರಿನಲ್ಲೂ ಒಂದು ನಿಯಮ ಹಿಡಿದುಕೊಳ್ಳಿ. ಅದನ್ನು ಯಾರು ಬರೆದರು, ಯಾಕೆ ಬರೆದರು, ಅದರಿಂದ ಲೋಟದಲ್ಲಿ ಏನು ಬದಲಾಯಿತು, ಯಾರಿಗೆ ನಷ್ಟವಾಯಿತು ಅಂತ ಕೇಳುತ್ತಾ ಹೋಗಿ. ಈ ನಿಯಮಾವಳಿಗಳೆಲ್ಲ ಬಹಿರಂಗ ದಾಖಲೆಗಳು. ಓದಲು ಬೇಸರ ಆಗಬಹುದು, ಆದರೂ ಪೂರ್ತಿ ಓದಿ. ಬೇರೆಯವರ ಪ್ರವಾಸ ಬರಹ ಓದಿ ಬರೆದ ಲೇಖನ ಹಾಗೇ ಗೊತ್ತಾಗಿಬಿಡುತ್ತದೆ.

ಕೊನೆಯ ಭಾಗದಲ್ಲಿ ‘ಕಾಲ ಬದಲಾದರೂ ಪರಂಪರೆ ಬದಲಾಗದು’ ಅಂತ ಬರೆದಿದ್ದೀರಿ. ಅದನ್ನು ಅಳಿಸಿ ಬೋರ್ಡೋದ ವಿಷಯ ಹಾಕಿ. ಬಿಸಿಲು ಏರುತ್ತಿದೆ ಅಂತ 2021ರಲ್ಲಿ ಅಲ್ಲಿ ಆರು ಹೊಸ ತಳಿಗಳಿಗೆ ಒಪ್ಪಿಗೆ ಸಿಕ್ಕಿತು. ಪೋರ್ಚುಗಲ್ಲಿನ ತೂರಿಗ ನಾಸಿಯೊನಲ್ ಅದರಲ್ಲಿ ಒಂದು. ತೋಟದಲ್ಲಿ ಶೇಕಡಾ 5ಕ್ಕಿಂತ ಜಾಸ್ತಿ ನೆಡುವಂತಿಲ್ಲ, ಬೆರಕೆಯಲ್ಲಿ ಶೇಕಡಾ 10 ಮೀರುವಂತಿಲ್ಲ, ಲೇಬಲ್ ಮೇಲೆ ಹೆಸರೂ ಹಾಕುವಂತಿಲ್ಲ. ಬದಲಾಗಲೇಬೇಕಾದ ಊರು ಎಷ್ಟು ಎಚ್ಚರದಿಂದ ಹೆಜ್ಜೆ ಇಡುತ್ತಿದೆ ಅನ್ನುವುದು ಈ ಅಂಕಿಗಳಲ್ಲೇ ಇದೆ. ಮೇಲೆ ನೀವು ವಿವರಣೆ ಸೇರಿಸುವುದು ಬೇಡ.

ಸಾವಿರದ ಐನೂರು ಪದ ಮೀರದಿರಲಿ. ಅವಸರ ಇಲ್ಲ. ಬರೆದು ಮುಗಿದ ಮೇಲೆ ನೇರವಾಗಿ ನನ್ನ ಹೆಸರಿಗೇ ಕಳಿಸಿ, ಶಾತೋ-ಶಲೋಂ ಪ್ಯಾರಾವನ್ನು ಮಾತ್ರ ಯಾರು ಹೇಳಿದರೂ ಮೊಟಕು ಮಾಡಬೇಡಿ.

ಪ್ರೀತಿಯಿಂದ,
ಸಂಪಾದಕ