ಸಾಲ ತೀರಿದ ಮೇಲೂ ನಡೆಯಬೇಕೆ?

"ಇಂಜೆಕ್ಷನ್ನಿನಿಂದಲೇ ತೂಕ ಇಳಿಯುತ್ತಿದೆ, ಇನ್ನು ವ್ಯಾಯಾಮ ಯಾಕೆ?" ಈ ಪ್ರಶ್ನೆ ಇತ್ತೀಚೆಗೆ ನನ್ನ ಆಪ್ತಸಲಹೆಯ ಕೋಣೆಗೆ ಮತ್ತೆ ಮತ್ತೆ ಬರುತ್ತಿದೆ. ಅದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕೇಳಿದವರ ಪ್ರಕರಣ ಇದು. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ನಲವತ್ತು ದಾಟಿದ ಮಹಿಳೆ. ಚಿಕ್ಕಂದಿನಿಂದಲೂ ದಪ್ಪ ಎನ್ನಿಸಿಕೊಂಡು ಬೆಳೆದವರು. ವೈದ್ಯರು ಬರೆದುಕೊಟ್ಟ, ಹಸಿವು ತಗ್ಗಿಸಿ ತೂಕ ಇಳಿಸುವ ಸೆಮಗ್ಲುಟೈಡ್ ಚುಚ್ಚುಮದ್ದನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಾ ಏಳು ತಿಂಗಳಲ್ಲಿ 11 ಕಿಲೋ ಇಳಿದಿದ್ದರು. ನನ್ನ ಬಳಿ ಬಂದದ್ದು ಬೇರೆ ಕಾರಣಕ್ಕೆ: ನಿದ್ರೆ ಸರಿಯಿಲ್ಲ, ಸಿಡುಕು ಹೆಚ್ಚಾಗಿದೆ. ಮೊದಲ ಎರಡು ಭೇಟಿಗಳು ಅದರಲ್ಲೇ ಮುಗಿದವು.

ಮೂರನೆಯ ಭೇಟಿಯಲ್ಲಿ ಅವರು ಮೇಜಿನ ಮೇಲಿದ್ದ ನೀರಿಗಾಗಿ ಎದ್ದರು. ಎರಡೂ ಅಂಗೈಗಳನ್ನು ಕುರ್ಚಿಯ ತೋಳುಗಳ ಮೇಲೆ ಊರಿ, ಮುಂದಕ್ಕೆ ಬಾಗಿ, ಉಸಿರು ಬಿಗಿಹಿಡಿದು ಎದ್ದರು.

"ಮೊದಲಿನಿಂದಲೂ ಹೀಗೆಯೇ?" ಎಂದು ಕೇಳಿದೆ.

"ಇಲ್ಲ ಮೇಡಂ. ತೂಕ ಹೆಚ್ಚಿದ್ದಾಗ ಸಲೀಸಾಗಿ ಏಳುತ್ತಿದ್ದೆ. ಈಗ ಹಗುರಾಗಿದ್ದೇನೆ, ಆದರೆ ಕಾಲಲ್ಲಿ ಕಸುವಿಲ್ಲ."

"ನಡೆಯುವುದು, ವ್ಯಾಯಾಮ, ಎಲ್ಲವನ್ನೂ ಬಿಟ್ಟಿದ್ದೀರಾ?"

ಅವರು ಲೋಟವನ್ನು ಕೆಳಗಿಟ್ಟರು. "ಇಷ್ಟು ವರ್ಷ ನಾನು ನಡೆದದ್ದೆಲ್ಲ ದಂಡ ಕಟ್ಟಲು. ಒಂದು ತುತ್ತು ಹೆಚ್ಚು ತಿಂದ ದಿನ ಎರಡು ಸುತ್ತು ಹೆಚ್ಚು. ಈಗ ಹಸಿವೂ ಇಲ್ಲ, ತಪ್ಪೂ ಇಲ್ಲ. ಸಾಲ ತೀರಿದ ಮೇಲೂ ಯಾರಾದರೂ ಕಂತು ಕಟ್ಟುತ್ತಾರೆಯೇ?"

ಹೃದಯ, ರಕ್ತದೊತ್ತಡ, ಮೂಳೆ ಎಂದು ಹೇಳಲು ನನ್ನಲ್ಲಿ ಮಾತು ಸಿದ್ಧವಿತ್ತು. ಆದರೆ ಅದನ್ನು ಆಡಿದ್ದರೆ ನಾನೂ ಅವರ ಪಾಲಿಗೆ ಸಾಲ ವಸೂಲಿಗೆ ಬಾಗಿಲಿಗೆ ಬಂದ ಇನ್ನೊಬ್ಬಳಾಗುತ್ತಿದ್ದೆ. ನಮ್ಮ ನುಡಿಯಲ್ಲಿ ಬಸ್ಕಿ ಎಂದರೆ ವ್ಯಾಯಾಮವೂ ಹೌದು, ಶಿಕ್ಷೆಯೂ ಹೌದು. ಈ ಹೆಣ್ಣುಮಗಳಿಗೆ ಅದು ಶಿಕ್ಷೆಯಾಗಿ ಮಾತ್ರ ಸಿಕ್ಕಿತ್ತು. ಹಾಗಾಗಿ ಮೊದಲು ಒಪ್ಪಿಕೊಂಡೆ: "ದಂಡ ಕಟ್ಟುವುದನ್ನು ನೀವು ನಿಲ್ಲಿಸಿದ್ದು ಸರಿ. ಅದನ್ನು ಮತ್ತೆ ಶುರು ಮಾಡಬೇಡಿ." ಅವರ ಕಣ್ಣು ತುಂಬಿತು. ಸ್ವಲ್ಪ ಹೊತ್ತಾದ ಮೇಲೆ ಹೇಳಿದೆ: "ತೂಕ ಇಳಿಸುವ ಹೊರೆಯನ್ನು ಔಷಧಿ ಹೊತ್ತುಕೊಂಡಿದೆ. ವ್ಯಾಯಾಮಕ್ಕೆ ಈಗ ಆ ಹೊರೆಯಿಲ್ಲ. ಕುರ್ಚಿಯಿಂದ ಕೈಯೂರದೆ ಏಳುವುದು, ಅಷ್ಟನ್ನೇ ಅದರಿಂದ ಕೇಳಿ ನೋಡೋಣವೇ?"

ಈ ಸಲಹೆ ಕೊಟ್ಟದ್ದಕ್ಕೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ದೇಹದ ವಿಷಯ ವೈದ್ಯರದು, ಆಪ್ತಸಲಹೆಗಾರರು ಅದರಲ್ಲಿ ಕೈ ಹಾಕಬಾರದು ಎಂಬುದು ಅವರ ನಿಲುವು. ಔಷಧಿಯ ಪ್ರಮಾಣದ ಬಗ್ಗೆ ನಾನು ಒಂದು ಮಾತನ್ನೂ ಆಡಲಿಲ್ಲ. ಕಾಲಿನ ನಿಶ್ಶಕ್ತಿಯನ್ನು ಮೊದಲು ವೈದ್ಯರಿಗೆ ತಿಳಿಸಬೇಕೆಂದು ಹೇಳಿ, ಅವರು ನೋಡಿದ ಮೇಲೆಯೇ ಮುಂದುವರಿದೆ. ಆದರೆ ವ್ಯಾಯಾಮವನ್ನು ಬಿಡಿಸಿದ್ದು ಮನಸ್ಸಿಗಾದ ಗಾಯ. ಅದು ನನ್ನ ಕೆಲಸವಲ್ಲದಿದ್ದರೆ ಇನ್ನಾರದು?

ಇಂಥ ಔಷಧಿ ತೆಗೆದುಕೊಳ್ಳುವವರನ್ನು ಸೋಮಾರಿಗಳು, ಅಡ್ಡದಾರಿ ಹಿಡಿದವರು ಎನ್ನುವವರ ಜೊತೆಗೂ ನಾನಿಲ್ಲ. ಹಸಿವು ಮತ್ತು ತೃಪ್ತಿ ಕೇವಲ ಸಂಕಲ್ಪದ ಮಾತಲ್ಲ. ಹಾರ್ಮೋನುಗಳು ಮಿದುಳಿಗೆ ಕಳಿಸುವ ಸಂದೇಶಗಳು ಅವು. ಔಷಧಿ ಆ ಸಂದೇಶವನ್ನು ಬದಲಿಸುತ್ತದೆ. ಆದರೆ ತೂಕ ಇಳಿಯುವಾಗ ಕೊಬ್ಬು ಮಾತ್ರ ಇಳಿಯುವುದಿಲ್ಲ, ಸ್ನಾಯುವೂ ಕರಗುತ್ತದೆ. ಊಟ ಕಡಿಮೆಯಾಗಿ ಪ್ರೋಟೀನೂ ಕಡಿಮೆಯಾದರೆ, ದೇಹಕ್ಕೆ ಶ್ರಮವೂ ಇಲ್ಲದಿದ್ದರೆ, ಸ್ನಾಯುವನ್ನು ಉಳಿಸಿಕೊಳ್ಳಲು ಅದಕ್ಕೆ ಕಾರಣವೇ ಇರುವುದಿಲ್ಲ. ಡೆನ್ಮಾರ್ಕಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ನಂಬಿಕೆಗೆ ಬಲ ಕೊಟ್ಟಿದೆ. ಪಥ್ಯದಿಂದ ತೂಕ ಇಳಿಸಿಕೊಂಡ 195 ಜನರನ್ನು ಒಂದು ವರ್ಷ ಗಮನಿಸಿದರು. ಇದೇ ಬಗೆಯ ಲಿರಾಗ್ಲುಟೈಡ್ ಔಷಧಿಯನ್ನೂ ವ್ಯಾಯಾಮವನ್ನೂ ಜೊತೆಗೂಡಿಸಿದವರಲ್ಲಿ ದೇಹದ ಕೊಬ್ಬಿನ ಶೇಕಡಾವಾರು, ಎರಡರಲ್ಲಿ ಒಂದನ್ನೇ ಪಾಲಿಸಿದವರಿಗಿಂತ ಸುಮಾರು ಎರಡು ಪಟ್ಟು ಇಳಿದಿತ್ತು. ಎಲ್ಲವನ್ನೂ ನಿಲ್ಲಿಸಿ ವರ್ಷ ಕಳೆದ ಮೇಲೆ ಅವರಲ್ಲಿ ಹಲವರನ್ನು ಮತ್ತೆ ಪರೀಕ್ಷಿಸಿದಾಗ, ಬರೀ ಔಷಧಿ ತೆಗೆದುಕೊಂಡಿದ್ದವರಿಗೆ ತೂಕ ಹೆಚ್ಚು ಮರಳಿತ್ತು. ಜೊತೆಗೆ ವ್ಯಾಯಾಮವನ್ನೂ ಮಾಡಿದ್ದವರಿಗೆ ಅಷ್ಟು ಮರಳಿರಲಿಲ್ಲ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ನಾನು ಅವರಿಗೆ ಬೇಕೆಂದೇ ಹೇಳಲಿಲ್ಲ. ಹೇಳಿದ್ದರೆ ಆ 150 ಮತ್ತೊಂದು ಕಂತಾಗುತ್ತಿತ್ತು. ದಿನಕ್ಕೆರಡು ಬಾರಿ, ಕುರ್ಚಿಯಿಂದ ಐದು ಸಲ ಎದ್ದು ಕೂರುವುದು; ಆರಂಭ ಅಷ್ಟೇ. ವ್ಯಾಯಾಮ ಮಾಡಿದ ದಿನ ತಕ್ಕಡಿ ಹತ್ತಬಾರದು. ಪುಸ್ತಕವೊಂದರಲ್ಲಿ ಕಿಲೋ ಬರೆಯದೆ, ಆ ವಾರ ಮೈಗೆ ಹೊಸದಾಗಿ ಸಾಧ್ಯವಾದದ್ದನ್ನು ಬರೆಯಬೇಕು. ವಾಕರಿಕೆ, ವಾಂತಿ ಇರುವ ದಿನ ವಿಶ್ರಾಂತಿ, ಅದಕ್ಕೆ ಪ್ರಾಯಶ್ಚಿತ್ತವಾಗಿ ಮರುದಿನ ಹೆಚ್ಚು ಮಾಡುವಂತಿಲ್ಲ. ಆಮೇಲಿನ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟ್, ಪ್ರೋಟೀನಿನ ಲೆಕ್ಕವನ್ನು ಆಹಾರ ತಜ್ಞರು ನೋಡಿಕೊಂಡರು. ಇಂಥ ಔಷಧಿಯ ಜೊತೆಗೆ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವ ಓದುಗರು ವ್ಯಾಯಾಮ ಆರಂಭಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಇನ್ಸುಲಿನ್ನಿನಿಂದ ಮತ್ತು ಕೆಲವು ಮಾತ್ರೆಗಳಿಂದ ರಕ್ತದ ಸಕ್ಕರೆ ತೀರಾ ಕೆಳಗಿಳಿಯಬಹುದು.

ಮಧ್ಯೆ ಮೂರು ವಾರ ಎಲ್ಲವನ್ನೂ ಬಿಟ್ಟರು. ನಾನು ಕಾರಣ ಕೇಳಲಿಲ್ಲ, ತಾವೇ ಮರಳಿ ಹಿಡಿದರು. ನಾಲ್ಕು ತಿಂಗಳ ಬಳಿಕ ಒಂದು ದಿನ, ಮಾತಿನ ನಡುವೆ ಕೈಯಲ್ಲಿ ಲೋಟ ಹಿಡಿದುಕೊಂಡೇ ಕುರ್ಚಿಯಿಂದ ಎದ್ದರು. ಎದ್ದದ್ದು ಅವರ ಗಮನಕ್ಕೇ ಬರಲಿಲ್ಲ. ಬೆಳಗಿನ ತಕ್ಕಡಿಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ. ಮುಂದಿನ ಭೇಟಿಗಳು ಅದರ ಬಗ್ಗೆಯೇ.